ಎರಡು ತಾಸಿನಲ್ಲಿ ಜಾಗ ಸಿಗದವರು

(ಫಿಲ್ಮ್ ಸೊಸೈಟಿಯೊಂದರಲ್ಲಿ ಜಪಾನಿನ ‘ಅಕಿರಾ’ ಚಿತ್ರ ಪ್ರದರ್ಶನದ ನಂತರ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



ಚಿತ್ರ ಮುಗಿದು ಈಗಷ್ಟೇ ದೀಪ ಹತ್ತಿದೆ. ಎರಡು ತಾಸು ಸ್ಫೋಟ, ಸೈರನ್ನು, ಮೋಟಾರ್‌ಸೈಕಲ್ಲುಗಳ ಸದ್ದು ಕೇಳಿದ ಕಿವಿಗೆ ಮತ್ತೆ ಭಾಷಣದ ಶಿಕ್ಷೆ ಬೇಕಿರಲಿಲ್ಲ. ಆದರೂ ಕಾರ್ಯದರ್ಶಿಗಳು ಅರ್ಧ ಗಂಟೆ ಮಾತಾಡಿ ಎಂದಿದ್ದಾರೆ. ನಾನು ಸಿನಿಮಾ ಪಂಡಿತನಲ್ಲ. ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ಪತ್ರಿಕೆ ಸೇರಿ ನಾಲ್ಕು ವರ್ಷವಾದ ವರದಿಗಾರ. ಹಾಗಾಗಿ ನನ್ನ ಕಸುಬಿನ ಬಾಗಿಲಿನಿಂದಲೇ ಈ ಚಿತ್ರದ ಒಳಗೆ ಹೋಗುತ್ತೇನೆ.

ನಮ್ಮ ಕಸುಬಿನಲ್ಲಿ ದಿನವೂ ನಡೆಯುವ ಕೆಲಸ ಕತ್ತರಿಸುವುದು. ನಾನು ಸೇರಿದ ಮೊದಲ ಮಳೆಗಾಲದಲ್ಲಿ ಹೊಳೆ ಉಕ್ಕಿ ಊರೊಂದಕ್ಕೆ ನೀರು ನುಗ್ಗಿತ್ತು. ಹೋಗಿ ನೋಡಿ ಎಂಟುನೂರು ಪದ ಬರೆದು ಕಳಿಸಿದೆ. ಮಾರನೆಯ ದಿನ ಮುನ್ನೂರು ಪದ ಅಚ್ಚಾಗಿತ್ತು. ನೀರಿನ ಮಟ್ಟ ಇತ್ತು, ಸಚಿವರ ಭೇಟಿ ಇತ್ತು, ಪರಿಹಾರದ ಮೊತ್ತ ಇತ್ತು. ಶಾಲೆಯ ಜಗಲಿಯಲ್ಲಿ ಒಲೆ ಹೂಡಿ ಮೂರು ದಿನ ಊರಿಗೆಲ್ಲ ಗಂಜಿ ಬೇಯಿಸಿ ಹಾಕಿದ ಅಮ್ಮ ಮಾತ್ರ ಇರಲಿಲ್ಲ. ಬೇಜಾರಿನಿಂದ ಡೆಸ್ಕಿನ ಹಿರಿಯರನ್ನು ಕೇಳಿದೆ. ‘ಅವರು ಮುಖ್ಯ ಅಲ್ಲ ಅಂತಲ್ಲಪ್ಪ. ಅವರ ಪ್ಯಾರಾ ಕೊನೇಲಿತ್ತು, ಜಾಗ ಮುಗೀತು’ ಎಂದರು.

ಆ ಮಾತು ಮನಸ್ಸಿನಲ್ಲಿ ಉಳಿಯಿತು. ಇವತ್ತು ನೀವು ನೋಡಿದ ಚಿತ್ರಕ್ಕೂ ಅದಕ್ಕೂ ಸಂಬಂಧವಿದೆ. ಯಾಕೆಂದರೆ ‘ಅಕಿರಾ’ ಕಥೆಯಲ್ಲಿಯೂ ಕೆಲವರು ಕೊನೆಯ ಪ್ಯಾರಾದಲ್ಲಿದ್ದರು.

2000 ಪುಟ, 124 ನಿಮಿಷ

ಚಿತ್ರದ ಮೂಲ ಒಂದು ಮಂಗಾ. ಜಪಾನಿನ ಚಿತ್ರಕಥೆಗಳಿಗೆ ಈ ಹೆಸರು. ನಾವು ಚಿಕ್ಕಂದಿನಲ್ಲಿ ಓದಿದ ಚಿತ್ರಕಥೆಗಳ ಹಾಗೆ ಮಕ್ಕಳಿಗೆ ಮಾತ್ರ ಮೀಸಲಾದದ್ದಲ್ಲ. ಅಲ್ಲಿ ಕಚೇರಿಗೆ ಹೋಗುವವರು, ಗೃಹಿಣಿಯರು, ಕಾಲೇಜು ಹುಡುಗರು, ಎಲ್ಲರಿಗೂ ಬೇರೆ ಬೇರೆ ಮಂಗಾ ಪತ್ರಿಕೆಗಳಿವೆ. ನಮ್ಮ ವಾರಪತ್ರಿಕೆಗಳಲ್ಲಿ ಧಾರಾವಾಹಿ ಬರುವ ಹಾಗೆ ಈ ಕಥೆಗಳು ಕಂತುಕಂತಾಗಿ ಬಂದು, ಆಮೇಲೆ ಪುಸ್ತಕವಾಗುತ್ತವೆ.

1954ರಲ್ಲಿ ಹುಟ್ಟಿದ ಕತ್ಸುಹಿರೊ ಒಟೊಮೊ ‘ಅಕಿರಾ’ವನ್ನು ಬರೆಯತೊಡಗಿದ್ದು 1982ರ ಡಿಸೆಂಬರಿನಲ್ಲಿ, ಕೊದಾನ್‌ಶಾ ಪ್ರಕಾಶನದ ‘ಯಂಗ್ ಮ್ಯಾಗಜೀನ್’ ಎಂಬ ಪತ್ರಿಕೆಯಲ್ಲಿ. ಮುಗಿಸಿದ್ದು 1990ರ ಜೂನ್‌ನಲ್ಲಿ. ಪುಸ್ತಕ ರೂಪದಲ್ಲಿ ಆರು ದಪ್ಪ ಸಂಪುಟಗಳು, 2000ಕ್ಕೂ ಹೆಚ್ಚು ಪುಟಗಳು. ಚಿತ್ರ ಬಿಡುಗಡೆಯಾದದ್ದು 1988ರ ಜುಲೈ 16ರಂದು. ಅವಧಿ 124 ನಿಮಿಷ. ಕೈಯಿಂದ ಬಣ್ಣ ಹಾಕಿದ 1,60,000ಕ್ಕೂ ಹೆಚ್ಚು ಪಾರದರ್ಶಕ ಹಾಳೆಗಳನ್ನು ಬಳಸಿ ತಯಾರಿಸಿದ, ಅಂದಿನ ಕಾಲಕ್ಕೆ ಅಸಾಧಾರಣವಾದ ಕೆಲಸ.

ಈ ದಿನಾಂಕಗಳಲ್ಲಿಯೇ ಒಂದು ವಿಚಿತ್ರವಿದೆ. ಚಿತ್ರ ಬಂದಾಗ ಮಂಗಾ ಮುಗಿದಿರಲಿಲ್ಲ! ಇನ್ನೂ ವಿಶೇಷವೆಂದರೆ ಚಿತ್ರದ ನಿರ್ದೇಶಕ ಬೇರೆ ಯಾರೂ ಅಲ್ಲ, ಒಟೊಮೊ ಅವರೇ. ಚಿತ್ರಕಥೆಯನ್ನು ಇಝೊ ಹಶಿಮೊತೊ ಜತೆ ಸೇರಿ ಬರೆದರು. ಸಾಮಾನ್ಯವಾಗಿ ಕಾದಂಬರಿಯೊಂದು ಸಿನಿಮಾ ಆದಾಗ ‘ನಿರ್ದೇಶಕ ನಮ್ಮ ಲೇಖಕರ ಕೃತಿಯನ್ನು ಕೆಡಿಸಿದ’ ಎಂದು ಜಗಳವಾಗುತ್ತದೆ. ಇಲ್ಲಿ ಜಗಳವಾಡಲು ಎರಡನೆಯ ವ್ಯಕ್ತಿಯೇ ಇಲ್ಲ. ಒಬ್ಬನೇ ಮನುಷ್ಯ ತಾನೇ ಸೃಷ್ಟಿಸಿದ ಪಾತ್ರಗಳನ್ನು ತಾನೇ ಕತ್ತರಿಸಿದ್ದಾನೆ. ಕತ್ತರಿಸಿಯಾದ ಮೇಲೆ ಮತ್ತೆ ಮಂಗಾಕ್ಕೆ ಮರಳಿ ಅವೇ ಪಾತ್ರಗಳ ಕಥೆಯನ್ನು ಮುಂದುವರಿಸಿದ್ದಾನೆ. ಯಾರನ್ನು ಬಿಟ್ಟರು, ಯಾರನ್ನು ಬದಲಿಸಿದರು ಎಂದು ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಈ ಬಗೆಯ ಕಥೆಗಳಿಗೆ ಸೈಬರ್‌ಪಂಕ್ ಎಂಬ ಹೆಸರಿದೆ. ಯಂತ್ರ, ವಿಜ್ಞಾನ ಎಲ್ಲ ಮುಗಿಲು ಮುಟ್ಟಿವೆ, ಮನುಷ್ಯನ ಬದುಕು ಮಾತ್ರ ಚರಂಡಿಯಲ್ಲಿದೆ. ಸ್ಥೂಲವಾಗಿ ಇದೇ ಅದರ ಲಕ್ಷಣ. 1982ರಲ್ಲೇ ತೆರೆಕಂಡ ಹಾಲಿವುಡ್‌ನ ‘ಬ್ಲೇಡ್ ರನ್ನರ್’ ಕೂಡ ಇದೇ ಜಾತಿಗೆ ಸೇರಿದ್ದು. ಕಾಕತಾಳೀಯವೋ ಏನೋ, ಎರಡೂ ಕಥೆಗಳು ನಡೆಯುವುದು 2019ರಲ್ಲಿ.

ದುರಂತ ಎಲ್ಲಿ ಬರುತ್ತದೆ?

ತಡವಾಗಿ ಬಂದವರಿಗಾಗಿ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇನೆ. ಭೀಕರ ಸ್ಫೋಟವೊಂದರಲ್ಲಿ ಟೋಕಿಯೊ ನಾಶವಾಗಿದೆ. ಮಂಗಾದಲ್ಲಿ ಈ ಸ್ಫೋಟ 1982ರ ಡಿಸೆಂಬರಿನಲ್ಲಿ ನಡೆಯುತ್ತದೆ. ಚಿತ್ರದಲ್ಲಿ 1988ರ ಜುಲೈ 16ರಂದು, ಅಂದರೆ ಚಿತ್ರ ಬಿಡುಗಡೆಯಾದ ದಿನವೇ. 2019ರ ಹೊತ್ತಿಗೆ ನಿಯೋ ಟೋಕಿಯೊ ಎಂಬ ಹೊಸ ನಗರ ಎದ್ದು ನಿಂತು, 2020ರ ಒಲಿಂಪಿಕ್ಸ್‌ಗೆ ಸಿದ್ಧವಾಗುತ್ತಿದೆ. ಬೈಕಿನ ಮೇಲೆ ಊರು ಸುತ್ತುವ ಪುಂಡ ಹುಡುಗರ ಗುಂಪಿಗೆ ಕನೇದಾ ನಾಯಕ. ಅವನ ಬಾಲ್ಯದ ಗೆಳೆಯ ತೆತ್ಸುವೊ ಗುಂಪಿನಲ್ಲಿ ಸದಾ ಹಿಂದೆ ಬೀಳುವವನು. ಒಂದು ರಾತ್ರಿ ತೆತ್ಸುವೊನ ಬೈಕಿಗೆ ಮುದುಕನ ಮುಖದ ಮಗುವೊಂದು ಎದುರಾಗುತ್ತದೆ. ಸೈನ್ಯದ ರಹಸ್ಯ ಪ್ರಯೋಗಾಲಯದಿಂದ ತಪ್ಪಿಸಿಕೊಂಡ ಮಗು ಅದು. ಸೈನ್ಯ ತೆತ್ಸುವೊನನ್ನೂ ಎತ್ತಿಕೊಂಡು ಹೋಗುತ್ತದೆ. ಅವನಲ್ಲಿ ಅತಿಮಾನುಷ ಶಕ್ತಿಯೊಂದು ಎಚ್ಚರಗೊಂಡು, ಅವನನ್ನೇ ನುಂಗತೊಡಗುತ್ತದೆ. ಎಲ್ಲರ ಬಾಯಲ್ಲೂ ಒಂದೇ ಹೆಸರು: ಅಕಿರಾ.

ಇಷ್ಟರವರೆಗೆ ಮಂಗಾ, ಚಿತ್ರ ಹೆಚ್ಚು ಕಡಿಮೆ ಒಂದೇ. ಮುಂದೆ ದಾರಿ ಕವಲೊಡೆಯುತ್ತದೆ.

ಮಂಗಾದಲ್ಲಿ ಮೂರನೆಯ ಸಂಪುಟದ ಕೊನೆಯಲ್ಲಿ ನಿಯೋ ಟೋಕಿಯೊ ನಾಶವಾಗುತ್ತದೆ. ಆರು ಸಂಪುಟಗಳ ಕಥೆಯಲ್ಲಿ ಅದು ಸರಿಯಾಗಿ ನಡುಮಧ್ಯ. ಉಳಿದ ಮೂರು ಸಂಪುಟ, ಅಂದರೆ ಇಡೀ ಅರ್ಧ ಕಥೆ, ನಡೆಯುವುದು ಅವಶೇಷಗಳ ನಡುವೆ. ಕರೆಂಟಿಲ್ಲ, ಸರಕಾರವಿಲ್ಲ, ಔಷಧಿಯಿಲ್ಲ. ಬದುಕಿ ಉಳಿದವರು ಅನ್ನಕ್ಕಾಗಿ ಅಲೆಯುತ್ತಾರೆ. ಒಟೊಮೊ ನೂರಾರು ಪುಟಗಳನ್ನು ಮುರಿದ ಕಟ್ಟಡ, ಸರದಿಯಲ್ಲಿ ನಿಂತ ಜನ, ಗಾಯಾಳುಗಳ ಚಿತ್ರಗಳಿಗೇ ಕೊಟ್ಟಿದ್ದಾರೆ.

ಚಿತ್ರದಲ್ಲಿ ನಗರ ನಾಶವಾಗುವುದು ಕೊನೆಯಲ್ಲಿ. ಆಮೇಲೆ ಕೆಲವೇ ನಿಮಿಷ. ಮೋಡ ಸರಿದು ಬೆಳಕು ಬೀಳುತ್ತದೆ, ಬದುಕುಳಿದ ಗೆಳೆಯರು ಬೈಕೇರಿ ಹೊರಡುತ್ತಾರೆ, ಪರದೆ ಕಪ್ಪಾಗುತ್ತದೆ. ಮಂಗಾದಲ್ಲಿ ದುರಂತ ನಡುದಾರಿಯ ಘಟನೆ, ಚಿತ್ರದಲ್ಲಿ ಅದೇ ಕೊನೆ. ಸಣ್ಣ ಪಾತ್ರಗಳಿಗೆ ಏನಾಯಿತು ಎಂಬ ಪ್ರಶ್ನೆಗೆ ಉತ್ತರ ಬಹುಪಾಲು ಈ ಒಂದು ಬದಲಾವಣೆಯಲ್ಲಿದೆ. ದುರಂತದ ನಂತರದ ದಿನಗಳಲ್ಲಿ ಬದುಕುತ್ತಿದ್ದವರಿಗೆ ಆ ದಿನಗಳೇ ಇಲ್ಲವಾದವು. ಅವರೆಲ್ಲ ಮನೆ ಕಳಕೊಂಡವರಾದರು. ಒಬ್ಬೊಬ್ಬರನ್ನೇ ನೋಡೋಣ.

ಆಶ್ರಯ ಕೊಟ್ಟವಳು

ಚಿತ್ರದಲ್ಲಿ ಬೀದಿಯಲ್ಲಿ ಬೆಂಕಿ ಹಾಕಿಕೊಂಡು, ‘ಅಕಿರಾ ಬರುತ್ತಾನೆ, ಪಾಪದ ನಗರ ಸುಡುತ್ತದೆ’ ಎಂಬರ್ಥದಲ್ಲಿ ಬೊಬ್ಬೆ ಹೊಡೆಯುವ ಪಂಥದವರನ್ನು ನೋಡಿದಿರಿ. ಅವರ ಮುಂದಾಳುವಿನ ಹೆಸರು ಮಿಯಾಕೊ. ಹೆಸರು ನಿಮಗೆ ನೆನಪಿಲ್ಲದಿದ್ದರೆ ತಪ್ಪು ನಿಮ್ಮದಲ್ಲ. ಆಕೆ ಬರುವುದು ಬೆರಳೆಣಿಕೆಯ ದೃಶ್ಯಗಳಲ್ಲಿ. ತೆತ್ಸುವೊನನ್ನೇ ಅಕಿರಾ ಎಂದು ನಂಬಿ ಅವನ ಹಿಂದೆ ಹೊರಟ ಭಕ್ತರು ಸೇತುವೆ ಕುಸಿದಾಗ ಅದರೊಂದಿಗೆ ಬೀಳುತ್ತಾರೆ. ಕುರುಡು ನಂಬಿಕೆಗೆ ಸಿಕ್ಕ ಶಾಸ್ತಿ ಎಂಬಂತೆ ಆ ಪ್ರಕರಣ ಮುಗಿಯುತ್ತದೆ.

ಮಂಗಾದ ಮಿಯಾಕೊ ಬೇರೆಯೇ ವ್ಯಕ್ತಿ. ಕಣ್ಣು ಕಾಣದ ವೃದ್ಧೆ, ದೊಡ್ಡ ಮಂದಿರವೊಂದರ ಮುಖ್ಯಸ್ಥೆ. ಸೈನ್ಯದ ಪ್ರಯೋಗಕ್ಕೆ ಸಿಕ್ಕಿದ ಮಕ್ಕಳಿಗೆಲ್ಲ ಒಂದೊಂದು ಸಂಖ್ಯೆ ಕೊಟ್ಟಿದ್ದರಲ್ಲ, ಅಕಿರಾ 28, ತೆತ್ಸುವೊ 41, ಹಾಗೆ ಈಕೆ 19. ಅಂದರೆ ಆ ಕ್ರೌರ್ಯದಿಂದ ಪಾರಾಗಿ ಮುದುಕಿಯಾಗುವವರೆಗೆ ಬದುಕಿದವಳು. ನಗರ ಬಿದ್ದ ಮೇಲೆ ಆಕೆಯ ಮಂದಿರ ನಿರಾಶ್ರಿತರ ನೆಲೆಯಾಗುತ್ತದೆ. ಹಸಿದವರಿಗೆ ಅಲ್ಲಿ ಊಟ, ಗಾಯಗೊಂಡವರಿಗೆ ಶುಶ್ರೂಷೆ. ಇನ್ನೊಂದು ಕಡೆ ತೆತ್ಸುವೊ ಅಕಿರಾನನ್ನು ಗದ್ದುಗೆಯ ಮೇಲೆ ಕೂರಿಸಿ ‘ಮಹಾ ಟೋಕಿಯೊ ಸಾಮ್ರಾಜ್ಯ’ ಕಟ್ಟಿದ್ದಾನೆ. ಅಲ್ಲಿ ಪವಾಡ ಮತ್ತು ಮಾದಕ ಗುಳಿಗೆ. ಒಂದೇ ಹಾಳೂರಿನಲ್ಲಿ ಎರಡು ಕೇಂದ್ರಗಳು.

ಆ ತೆತ್ಸುವೊನೇ ತನ್ನ ಶಕ್ತಿಯ ಅರ್ಥ ಕೇಳಲು ಬರುವುದು ಈಕೆಯ ಬಳಿಗೆ. ಮಿಯಾಕೊ ಅವನನ್ನು ಓಡಿಸುವುದಿಲ್ಲ. ಗುಳಿಗೆ ಬಿಡು ಎಂದು ತಿಳಿಹೇಳುತ್ತಾಳೆ. ಕೊನೆಗೆ ಅವನನ್ನು ತಡೆಯುವ ಹೋರಾಟದಲ್ಲಿ ಕೇಯಿ ಎಂಬ ಹುಡುಗಿಯ ಬೆನ್ನಿಗೆ ನಿಂತು ಪ್ರಾಣ ಬಿಡುತ್ತಾಳೆ.

ಹೆಸರೊಂದೇ, ಆದರೆ ಪಾತ್ರ ತಿರುವುಮುರುವಾಗಿದೆ. ಮಂಗಾದಲ್ಲಿ ಧರ್ಮ ಎಂದರೆ ಕೊನೆಗೂ ಒಂದು ಅಡುಗೆಮನೆ. ಚಿತ್ರದಲ್ಲಿ ಧರ್ಮ ಎಂದರೆ ಬೀದಿಯ ಗದ್ದಲ. ನಿರಾಶ್ರಿತರೇ ಇಲ್ಲದ ಕಥೆಯಲ್ಲಿ ಆಶ್ರಯ ಕೊಡುವವಳಿಗೆ ಏನು ಕೆಲಸ?

ಇಲ್ಲವೇ ಇಲ್ಲದವಳು

ಮಿಯಾಕೊಗೆ ಹೆಸರಾದರೂ ಉಳಿಯಿತು. ಚಿಯೊಕೊ ಎಂಬವಳಿಗೆ ಅದೂ ಇಲ್ಲ. ಚಿತ್ರದಲ್ಲಿ ಆಕೆಯ ನೆರಳೂ ಬೀಳುವುದಿಲ್ಲ.

ಮಂಗಾ ಓದಿದವರು ಚಿಯೊಕೊಳನ್ನು ಮರೆಯುವುದು ಕಷ್ಟ. ಗುಡ್ಡದಂಥ ಮೈಕಟ್ಟು, ಬಂದೂಕು ಬಾಂಬುಗಳನ್ನು ಪಾತ್ರೆ ಪಗಡಿಯಷ್ಟೇ ಸಲೀಸಾಗಿ ಎತ್ತಿ ಇಡುವ ಕೈ. ಸರಕಾರದ ವಿರುದ್ಧ ಹೋರಾಡುವ ಭೂಗತ ಗುಂಪಿನವಳು. ಕೇಯಿ ಆಕೆಯನ್ನು ಕರೆಯುವುದು ‘ಅತ್ತೆ’ ಎಂದೋ ‘ಚಿಕ್ಕಮ್ಮ’ ಎಂದೋ ಅರ್ಥ ಬರುವ ಜಪಾನಿ ಪದದಿಂದ. ಅಪ್ಪ ಅಮ್ಮ ಇಲ್ಲದ ಹುಡುಗ ಹುಡುಗಿಯರೇ ತುಂಬಿರುವ ಈ ಕಥೆಯಲ್ಲಿ ಬೈದು, ಕಾದು, ಹೆಗಲು ಕೊಡುವ ಹಿರಿಯ ಹೆಂಗಸು ಆಕೆಯೇ. ಪ್ರಯೋಗಾಲಯದ ಮಕ್ಕಳಲ್ಲಿ ಕಿಯೊಕೊ ಮತ್ತು ಮಸಾರು ಇಬ್ಬರನ್ನೂ ಹಾಳೂರಿನ ನಡುವೆ ಮಿಯಾಕೊಳ ಮಂದಿರಕ್ಕೆ ಮುಟ್ಟಿಸುವುದು ಕೇಯಿ ಮತ್ತು ಈಕೆ.

ನಾಯಕನ ದೃಷ್ಟಿಯಿಂದ ನೋಡಿದರೆ ಚಿಯೊಕೊ ಇಲ್ಲದಿದ್ದರೂ ಕಥೆ ಓಡುತ್ತದೆ. ಕನೇದಾ ಹಾಗೂ ತೆತ್ಸುವೊ ನಡುವಿನ ಹಗೆಗೆ ಆಕೆಯ ಅಗತ್ಯವಿಲ್ಲ. ಆದ್ದರಿಂದ ಕತ್ತರಿ ಹಾಕುವವರಿಗೆ ಆಕೆಯನ್ನು ಬಿಡುವುದು ಸುಲಭವಾಯಿತು. ಆದರೆ ಆಕೆ ಹೋದ ಮೇಲೆ ಕೇಯಿ ಬೇರೆಯಾಗಿ ಕಾಣುತ್ತಾಳೆ. ಮಂಗಾದಲ್ಲಿ ಕೇಯಿಗೆ ಹಿಂದೆ ಮುಂದೆ ಜನ ಇದ್ದಾರೆ. ಚಿತ್ರದಲ್ಲಿ ಅವಳು ಹೆಚ್ಚಾಗಿ ಕನೇದಾ ಬೆನ್ನು ಹತ್ತುವ ಹುಡುಗಿ, ಇಲ್ಲವೇ ಕಿಯೊಕೊ ಎಂಬ ಮಗುವಿನ ಮಾತು ಹೊರಡುವ ಬಾಯಿ. ಒಂದು ಸಣ್ಣ ಪಾತ್ರ ತೆಗೆದರೆ ಪಕ್ಕದ ಪಾತ್ರವೂ ತೆಳ್ಳಗಾಗುತ್ತದೆ. ಗೋಡೆಯಿಂದ ಒಂದು ಇಟ್ಟಿಗೆ ಕಿತ್ತವರಿಗೆ ಇದು ಗೊತ್ತು.

ಮೊದಲೇ ಬಂದವಳು

ಕಾವೊರಿಯ ಪ್ರಕರಣ ಸ್ವಲ್ಪ ಜಟಿಲ. ಇಲ್ಲಿ ಕತ್ತರಿಸಿಲ್ಲ, ಜಾಗ ಬದಲಿಸಿದ್ದಾರೆ.

ಚಿತ್ರದಲ್ಲಿ ಅವಳು ಮೊದಲಿಂದಲೂ ತೆತ್ಸುವೊನ ಗೆಳತಿ. ಅವನು ಕನೇದಾನ ಕೆಂಪು ಬೈಕು ಕದ್ದು ಓಡುವಾಗ ಜತೆಗಿದ್ದವಳು. ಎದುರಾಳಿ ಗುಂಪಿನವರ ಕೈಗೆ ಸಿಕ್ಕಿ ಹೊಡೆತ ತಿಂದವಳು. ಅವಳಿಗಿರುವ ಮಾತುಗಳು ಕಡಿಮೆ. ಕೊನೆಯಲ್ಲಿ ಕ್ರೀಡಾಂಗಣದಲ್ಲಿ ತೆತ್ಸುವೊನ ದೇಹ ಅವನ ಹತೋಟಿ ಮೀರಿ ಬೆಳೆದು ಅವಳನ್ನು ಒಳಗೆಳೆದು ಹಿಸುಕಿಬಿಡುತ್ತದೆ. ಅವಳ ನೋವು ಅವನಿಗೆ ತಿಳಿಯುತ್ತದೆ, ತಡೆಯಲು ಆಗುವುದಿಲ್ಲ. ನಿಮ್ಮಲ್ಲಿ ಹಲವರು ಆಗ ಮುಖ ತಿರುಗಿಸಿದ್ದನ್ನು ನೋಡಿದೆ.

ಮಂಗಾದಲ್ಲಿ ಕಾವೊರಿ ಬರುವುದೇ ನಗರ ನಾಶವಾದ ಮೇಲೆ, ನಾಲ್ಕನೆಯ ಸಂಪುಟದಲ್ಲಿ. ಸಾಮ್ರಾಜ್ಯದ ಆಳುಗಳು ತೆತ್ಸುವೊನ ಭೋಗಕ್ಕೆಂದು ಎಳೆದು ತಂದ ಹುಡುಗಿಯರಲ್ಲಿ ಅವಳೊಬ್ಬಳು. ಜತೆಗಿದ್ದವರು ಮಾದಕ ವಸ್ತುವಿಗೆ ಬಲಿಯಾಗುತ್ತಾರೆ, ಇವಳು ಉಳಿಯುತ್ತಾಳೆ. ಇಂಥ ಹೊಲಸು ಆರಂಭದಿಂದ ನಿಧಾನವಾಗಿ ಬೇರೊಂದು ಸಂಬಂಧ ಹುಟ್ಟುತ್ತದೆ. ಮಾತಿಲ್ಲದ ಅಕಿರಾನನ್ನು ನೋಡಿಕೊಳ್ಳುವವಳು ಅವಳೇ. ತೆತ್ಸುವೊ ನಂಬುವ ಏಕಮಾತ್ರ ಜೀವವೂ ಅವಳೇ. ಅವನ ಕೆಳಗಿನವರೇ ಅವನ ವಿರುದ್ಧ ಸಂಚು ಮಾಡಿದಾಗ ಎಚ್ಚರಿಸಲು ಹೋಗಿ ಗುಂಡು ತಿಂದು ಸಾಯುತ್ತಾಳೆ. ಅವಳನ್ನು ಬದುಕಿಸಲು ತೆತ್ಸುವೊ ತನ್ನ ಶಕ್ತಿಯನ್ನೆಲ್ಲ ಸುರಿದರೂ ಆಗುವುದಿಲ್ಲ. ಊರು ಕೆಡವಬಲ್ಲವನಿಗೆ ಒಬ್ಬಳನ್ನು ಎಬ್ಬಿಸಲಾಗಲಿಲ್ಲ.

ಯಾವುದು ಮೇಲು? ನಿಜ ಹೇಳಬೇಕೆಂದರೆ ಚಿತ್ರದ ಸಾವು ಹೆಚ್ಚು ಬಲವಾದದ್ದು. ಅಪ್ಪಿಕೊಳ್ಳಬೇಕಾದ ಮೈಯೇ ಕೊಲ್ಲುವ ಆಯುಧವಾಗುವುದು ಸಿನಿಮಾಕ್ಕೆ ಮಾತ್ರ ಸಾಧ್ಯವಾಗುವ ಭಯಾನಕ. ಆದರೆ ಅದಕ್ಕೆ ತೆತ್ತ ಬೆಲೆ ಏನು? ಮಂಗಾದ ಕಾವೊರಿ ನರಕದಲ್ಲಿದ್ದುಕೊಂಡೇ ಇನ್ನೊಬ್ಬರನ್ನು ನೋಡಿಕೊಳ್ಳಲು ನಿರ್ಧರಿಸಿದವಳು. ಚಿತ್ರದ ಕಾವೊರಿಗೆ ಏನನ್ನೂ ನಿರ್ಧರಿಸುವ ಅವಕಾಶವಿಲ್ಲ. ಅವಳಿಗೆ ಏನೇನೋ ಆಗುತ್ತದೆ, ಅಷ್ಟೆ.

ಗುರಿ ತಪ್ಪಿದ ಗುಂಡು

ಇನ್ನು ರಾಜಕಾರಣಿ ನೆಜು. ಚಿತ್ರದಲ್ಲಿ ಅವನು ಆಳುವವರ ಸಮಿತಿಯಲ್ಲಿ ಕೂತು, ಒಳಗಿಂದೊಳಗೆ ಭೂಗತ ಹೋರಾಟಗಾರರನ್ನು ಸಾಕುವ ಇಲಿಮೋರೆಯ ಮನುಷ್ಯ. ಕರ್ನಲ್ ಅಧಿಕಾರ ಕಿತ್ತುಕೊಂಡಾಗ ಬ್ರೀಫ್‌ಕೇಸ್ ಹಿಡಿದು ಓಡುತ್ತಾನೆ. ತನ್ನನ್ನು ನಂಬಿದ್ದ ಹೋರಾಟಗಾರ ರ್ಯೂನಿಗೇ ಗುಂಡು ಹಾರಿಸುತ್ತಾನೆ. ಮುಂದಿನ ಓಣಿಯಲ್ಲಿ ಹೃದಯಾಘಾತವಾಗಿ ಬೀಳುತ್ತಾನೆ. ಎರಡು ಸಾವು, ಕೆಲವೇ ನಿಮಿಷ, ಎರಡು ಪಾತ್ರಗಳ ಲೆಕ್ಕ ಚುಕ್ತಾ. ಭ್ರಷ್ಟ ರಾಜಕಾರಣಿಯ ಒಳ್ಳೆಯ ವ್ಯಂಗ್ಯಚಿತ್ರ ಅದು.

ಮಂಗಾದಲ್ಲಿ ಈ ನೆಜುವಿನ ಕೈಯಲ್ಲಿ ಇಡೀ ಕಥೆಯ ಕೀಲಿ ಇದೆ. ಎಲ್ಲರೂ ಅಕಿರಾನನ್ನು ಹಿಡಿಯಲು ಹೆಣಗುತ್ತಿರುವಾಗ, ತನಗೆ ದಕ್ಕದ್ದು ಬೇರೆಯವರಿಗೂ ದಕ್ಕಬಾರದೆಂದು ನೆಜು ಅವನಿಗೆ ಗುರಿಯಿಟ್ಟು ಗುಂಡು ಹಾರಿಸುತ್ತಾನೆ. ಗುರಿ ತಪ್ಪಿ ಅದು ತಕಾಶಿ ಎಂಬ ಇನ್ನೊಂದು ಮಗುವಿಗೆ ತಗಲುತ್ತದೆ. ಆ ಸಾವಿನ ಆಘಾತಕ್ಕೆ ಅಕಿರಾನ ಶಕ್ತಿ ಸಿಡಿದು ನಗರ ನೆಲಸಮವಾಗುತ್ತದೆ. ಒಂದು ಮಹಾನಗರ ಬಿದ್ದದ್ದು ಒಬ್ಬ ಮಧ್ಯಮ ದರ್ಜೆಯ ರಾಜಕಾರಣಿಯ ನಡುಗುವ ಕೈಯಿಂದ.

ವ್ಯತ್ಯಾಸ ಸಣ್ಣದಲ್ಲ. ಚಿತ್ರದಲ್ಲಿ ವಿನಾಶಕ್ಕೆ ಕಾರಣ ತೆತ್ಸುವೊನೊಳಗಿನ ಶಕ್ತಿ. ಪ್ರಕೃತಿ ವಿಕೋಪದ ಹಾಗೆ ಅದು ಬರುತ್ತದೆ. ಮಂಗಾದಲ್ಲಿ ವಿನಾಶಕ್ಕೆ ಹೆಸರು, ವಿಳಾಸ, ಹುದ್ದೆ ಇದೆ. ವರದಿಗಾರನಾಗಿ ನನಗೆ ಎರಡನೆಯದೇ ಹೆಚ್ಚು ಪರಿಚಿತ. ರ್ಯೂ ಕೂಡ ಮಂಗಾದಲ್ಲಿ ಓಣಿಯಲ್ಲಿ ಸಾಯುವುದಿಲ್ಲ. ನಗರ ಬಿದ್ದ ಮೇಲೂ ಬದುಕಿ, ಕುಡಿತಕ್ಕೆ ಬಿದ್ದು, ಸೋತ ಹೋರಾಟಗಾರನ ಪಾಡು ಏನೆಂಬುದನ್ನು ತೋರಿಸುತ್ತಾನೆ. ಸಾಯುವುದಕ್ಕಿಂತ ಉಳಿಯುವುದಕ್ಕೆ ಪುಟಗಳು ಹೆಚ್ಚು ಬೇಕು.

ಹೆಸರಿಗೆ ಮಾತ್ರ ನಾಯಕ

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಅಕಿರಾನದ್ದೇ. ಮಂಗಾದಲ್ಲಿ ಅವನು ಮೈತುಂಬ ಜೀವವಿರುವ ಪುಟ್ಟ ಹುಡುಗ. ಅತಿ ಶೀತದ ಕೋಣೆಯಲ್ಲಿ ದಶಕಗಳ ಕಾಲ ಮಲಗಿಸಿಟ್ಟವನು ಎದ್ದು ಬರುತ್ತಾನೆ. ಮಾತಿಲ್ಲ, ಮುಖದಲ್ಲಿ ಭಾವವಿಲ್ಲ, ಆದರೆ ಕೂರುತ್ತಾನೆ, ನಡೆಯುತ್ತಾನೆ, ಕಾವೊರಿಯ ಆರೈಕೆ ಪಡೆಯುತ್ತಾನೆ. ಚಿತ್ರದಲ್ಲಿ ಒಲಿಂಪಿಕ್ ಕ್ರೀಡಾಂಗಣದ ಅಡಿಯಿಂದ ಆ ಕೋಣೆಯನ್ನು ಕಿತ್ತು ತೆರೆದರೆ ಸಿಗುವುದು ಗಾಜಿನ ಜಾಡಿಗಳಲ್ಲಿಟ್ಟ ಅವಯವಗಳು. ವಿಜ್ಞಾನಿಗಳು ಮಗುವನ್ನು ಕತ್ತರಿಸಿ ಮಾದರಿಯಾಗಿ ಇಟ್ಟುಬಿಟ್ಟಿದ್ದಾರೆ. ಕೊನೆಯ ಬೆಳಕಿನಲ್ಲಿ ಒಂದು ಕ್ಷಣ ಹುಡುಗನ ರೂಪ ಮೂಡಿ ಮರೆಯಾಗುತ್ತದೆ.

ಇದನ್ನು ನಾನು ಚಿತ್ರದ ಅತ್ಯುತ್ತಮ ಬದಲಾವಣೆ ಎನ್ನುತ್ತೇನೆ. ಎಲ್ಲರೂ ಭಜಿಸಿದ, ಹೆದರಿದ, ಹುಡುಕಿದ ದೇವರು ಜಾಡಿಯಲ್ಲಿದ್ದಾನೆ. ಇದನ್ನು ಹೇಳಲು ಭಾಷಣ ಬೇಕಾಗಲಿಲ್ಲ, ಒಂದು ದೃಶ್ಯ ಸಾಕಾಯಿತು. ಕತ್ತರಿ ಯಾವಾಗಲೂ ವೈರಿಯಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಇನ್ನೊಂದು ಉದಾಹರಣೆ ಯಮಗಾತ, ಕನೇದಾನ ಗುಂಪಿನ ಒರಟ. ಎರಡು ಕಡೆಯೂ ಅವನನ್ನು ಕೊಲ್ಲುವುದು ತೆತ್ಸುವೊನೇ. ಮಂಗಾದಲ್ಲಿ ಆ ಸಾವು ಮೊದಲ ಸಂಪುಟದ ಗುಂಪುಗಳ ಕಾಳಗದ ಕೊನೆಗೆ ಬರುತ್ತದೆ. ಚಿತ್ರದಲ್ಲಿ ಅದು ಹುಡುಗರು ದಿನಾ ಸೇರುತ್ತಿದ್ದ ಬಾರಿನಲ್ಲಿ ನಡೆಯುತ್ತದೆ. ಸುದ್ದಿ ಕೇಳಿದ ಕನೇದಾ ಸತ್ತವನ ಬೈಕನ್ನು ಗೋಡೆಗೆ ಅಪ್ಪಳಿಸಿ ಉರಿಯಲು ಬಿಡುತ್ತಾನೆ. ಹೆಣವಿಲ್ಲದ ಆ ಅಂತ್ಯಸಂಸ್ಕಾರ ಒಂದು ನಿಮಿಷದ್ದು. ಅಷ್ಟರಲ್ಲಿ ಯಮಗಾತ ಮನುಷ್ಯನಾಗುತ್ತಾನೆ. ಮನಸ್ಸು ಮಾಡಿದರೆ ಸಣ್ಣ ಪಾತ್ರಕ್ಕೆ ಒಂದು ನಿಮಿಷದಲ್ಲಿ ಘನತೆ ಕೊಡಬಹುದು.

ಬೇರೆ ಕಡೆ ಹೇಗೆ?

ಇದು ‘ಅಕಿರಾ’ ಒಂದರ ಕಥೆಯಲ್ಲ. ಮಸಮುನೆ ಶಿರೊ 1989ರಲ್ಲಿ ಆರಂಭಿಸಿದ ‘ಘೋಸ್ಟ್ ಇನ್ ದಿ ಶೆಲ್’ ಎಂಬ ಸೈಬರ್‌ಪಂಕ್ ಮಂಗಾವನ್ನು ಮಮೊರು ಒಶಿಯಿ 1995ರಲ್ಲಿ ಚಿತ್ರ ಮಾಡಿದರು. ಮೂಲದಲ್ಲಿ ಫುಚಿಕೋಮಾ ಎಂಬ ವಾಚಾಳಿ ಯಂತ್ರಗಳಿವೆ. ಜೇಡದ ಆಕಾರ, ಮಕ್ಕಳ ಸ್ವಭಾವ. ತಮಾಷೆ ಮಾಡುತ್ತಲೇ ‘ಯಂತ್ರಕ್ಕೂ ಆತ್ಮ ಇದೆಯೇ’ ಎಂದು ಕೇಳುವ ಅವು ಒಶಿಯಿ ಅವರ ಗಂಭೀರ ಚಿತ್ರದಲ್ಲಿ ಇಲ್ಲ. 2002ರಲ್ಲಿ ಅದೇ ಕಥೆ ಟಿವಿ ಧಾರಾವಾಹಿಯಾದಾಗ ತಾಚಿಕೋಮಾ ಎಂಬ ಹೊಸ ಹೆಸರಿನಲ್ಲಿ ಮರಳಿ ಬಂದು, ನೋಡುಗರಿಗೆ ಅಚ್ಚುಮೆಚ್ಚಾದವು. ಕಾರಣ ಸರಳ. ಧಾರಾವಾಹಿಗೆ ಹತ್ತಾರು ಕಂತುಗಳ ಅವಕಾಶವಿತ್ತು. ಜಾಗ ಸಿಕ್ಕರೆ ಸಣ್ಣವರು ವಾಪಸು ಬರುತ್ತಾರೆ.

ಕೊನೆಯ ಪ್ಯಾರಾ

‘ಅಕಿರಾ’ದ ಕರ್ತೃವೂ ಇದನ್ನು ತಿಳಿದಿದ್ದರು ಎಂದು ನನಗನ್ನಿಸುತ್ತದೆ. ಚಿತ್ರ ಬಂದ ಮೇಲೆ ಅವರು ಮಂಗಾವನ್ನು ಅಲ್ಲಿಗೇ ಬಿಡಬಹುದಿತ್ತು. ಕಥೆಯ ಅಂತ್ಯವನ್ನು ಜನ ಪರದೆಯ ಮೇಲೆ ನೋಡಿಯಾಗಿತ್ತು. ಆದರೆ ಅವರು ಹಾಳೂರಿಗೆ ಮರಳಿದರು. ಮಿಯಾಕೊ, ಚಿಯೊಕೊ, ರ್ಯೂ, ಕಾವೊರಿ, ಚಿತ್ರದಲ್ಲಿ ಆರಂಭದಲ್ಲಷ್ಟೇ ಬಂದು ಹೋಗುವ ವಿದೂಷಕ ಗುಂಪಿನ ನಾಯಕ ಜೋಕರ್, ಎಲ್ಲರ ಕಥೆಯನ್ನೂ ದಡ ಮುಟ್ಟಿಸಿದರು.

ಮಂಗಾದ ಕೊನೆ ಹೀಗಿದೆ. ಹೊರದೇಶಗಳ ಸೈನಿಕರು ನೆರವಿನ ಹೆಸರಿನಲ್ಲಿ ಬಂದಾಗ ಬದುಕುಳಿದ ಹುಡುಗರು ಅವರನ್ನು ವಾಪಸು ಕಳಿಸುತ್ತಾರೆ; ಈ ಹಾಳೂರು ನಮ್ಮದು, ನಾವೇ ನೋಡಿಕೊಳ್ಳುತ್ತೇವೆ ಎನ್ನುತ್ತಾರೆ. ಕನೇದಾ, ಕೇಯಿ ಬೈಕೇರಿ ಹೊರಟಾಗ ಇಕ್ಕೆಲದಲ್ಲಿ ಎರಡು ಆಕೃತಿಗಳು ಜತೆ ಬರುತ್ತವೆ. ಒಬ್ಬ ತೆತ್ಸುವೊ. ಇನ್ನೊಬ್ಬ ಯಾರು ಗೊತ್ತೆ? ಮೊದಲ ಸಂಪುಟದಲ್ಲೇ ಸತ್ತಿದ್ದ ಯಮಗಾತ. ಸುಮಾರು 2000 ಪುಟಗಳ ನಂತರವೂ ಲೇಖಕ ಅವನನ್ನು ಮರೆತಿರಲಿಲ್ಲ.

ಕಥೆಯ 2019 ನಮಗೀಗ ಕಳೆದುಹೋದ ವರ್ಷ. 2020ರ ಒಲಿಂಪಿಕ್ಸ್ ನಿಜವಾಗಿಯೂ ಟೋಕಿಯೊಗೆ ಸಿಕ್ಕಿ, ಕೊರೊನಾದಿಂದ ಮುಂದಕ್ಕೆ ಹೋಗಿ 2021ರಲ್ಲಿ ನಡೆಯಿತು. ಒಟೊಮೊ ಭವಿಷ್ಯ ನುಡಿದರು ಎಂದು ಆಗ ಬಹಳ ಜನ ಬೆರಗಾದರು. ನನಗೆ ಅದಕ್ಕಿಂತ ಆ ಕಾಲದ ಇನ್ನೊಂದು ಸಂಗತಿ ನೆನಪಿಗೆ ಬರುತ್ತದೆ. ದೊಡ್ಡ ಸುದ್ದಿಗಳ ಕೆಳಗೆ, ಬೀಗ ಹಾಕಿದ ಊರುಗಳಲ್ಲಿ, ಯಾರೋ ಯಾರಿಗೋ ಊಟದ ಪೊಟ್ಟಣ ಕಟ್ಟಿ ಕೊಡುತ್ತಿದ್ದರು. ಅವರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು?

ಆ ಗಂಜಿಯ ಅಮ್ಮನ ವಿಷಯಕ್ಕೆ ಬರುತ್ತೇನೆ. ಬಹಳ ದಿನ ಡೆಸ್ಕಿನವರ ಮೇಲೆ ಸಿಟ್ಟಿತ್ತು. ಈ ಮಂಗಾ ಓದಿ, ಚಿತ್ರ ನೋಡಿದ ಮೇಲೆ ಒಂದು ಪ್ರಶ್ನೆ ಎದುರಾಯಿತು. ಅವರನ್ನು ಕೊನೆಯ ಪ್ಯಾರಾದಲ್ಲಿ ಇಟ್ಟವರು ಯಾರು? ನಾನೇ. ಮೊದಲು ನೀರು, ಆಮೇಲೆ ಸಚಿವರು, ಆಮೇಲೆ ಹಣ, ಉಳಿದರೆ ಆ ಅಮ್ಮ ಎಂದು ಲೆಕ್ಕ ಹಾಕಿದವನು ನಾನು. ಡೆಸ್ಕಿನವರು ನನ್ನ ಲೆಕ್ಕವನ್ನೇ ಪೂರ್ತಿ ಮಾಡಿದರು. ಮರುವರ್ಷ ಮಳೆಗಾಲದಲ್ಲಿ ಬೇರೊಂದು ಊರಿಗೆ ಹೋದಾಗ ವರದಿಯನ್ನು ಶಾಲೆಯ ಜಗಲಿಯ ಒಲೆಯಿಂದ ಶುರು ಮಾಡಿದೆ. ಆ ಸಲ ಕತ್ತರಿ ಬಿದ್ದದ್ದು ಸಚಿವರ ಭೇಟಿಗೆ. ಪತ್ರಿಕೆಗೆ ಏನೂ ನಷ್ಟವಾಗಲಿಲ್ಲ.

ಚಿತ್ರವನ್ನು ದೂರಲು ನಾನು ಇಲ್ಲಿ ನಿಂತಿಲ್ಲ. 124 ನಿಮಿಷದಲ್ಲಿ ಅದು ಮಾಡಿದ್ದು ಸಣ್ಣ ಸಾಧನೆಯಲ್ಲ. ನಾನೂ ನಾಲ್ಕನೆಯ ಸಲ ನೋಡಿದೆ. ಕೇಳಿಕೊಳ್ಳುವುದು ಇಷ್ಟೇ. ಮುಂದಿನ ಸಲ ಪರದೆಯ ಮೇಲೆ ಊರೊಂದು ಸಿಡಿದು ಬಿದ್ದು ದೀಪ ಹತ್ತಿದಾಗ, ಎದ್ದು ಹೊರಡುವ ಮುನ್ನ ಒಂದು ಕ್ಷಣ ಯೋಚಿಸಿ: ಮಾರನೆಯ ಬೆಳಿಗ್ಗೆ ಅಲ್ಲಿ ಒಲೆ ಹಚ್ಚಿದವರು ಯಾರಿರಬಹುದು?